ಶಿಬಿರದಲ್ಲಿ ಸಿಕ್ಕ ಶಾಂತಿ ಮನೆಯಲ್ಲಿ ಏಕೆ ನಿಲ್ಲುವುದಿಲ್ಲ? ವಿಪಶ್ಯನ ಸಾಧಕರ ಚರ್ಚೆ

ಹೇಮಾವತಿ ತೀರದವಳು

ಈ ಬೇಸಿಗೆಯಲ್ಲಿ ಧ್ಯಾನಗುರು ಗೋಯಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಹೋಗಿಬಂದೆ. ಬೆಳಗಿನ ನಾಲ್ಕಕ್ಕೆ ಗಂಟೆ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು, ನಡುವೆ ಸುಮಾರು ಹತ್ತು ತಾಸಿನ ಧ್ಯಾನ, ಮಾತಿಲ್ಲ, ಪುಸ್ತಕವಿಲ್ಲ, ಫೋನ್ ಇಲ್ಲ ಎಂಬುದು ಇಲ್ಲಿರುವ ಹಲವರಿಗೆ ಗೊತ್ತಿರುವ ಸಂಗತಿಯೇ. ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಬಳಿ ಉಸಿರನ್ನಷ್ಟೇ ಗಮನಿಸುವ ಆನಾಪಾನ. ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಸಂವೇದನೆಗಳನ್ನು ನೋಡುತ್ತ ಸಾಗುವ ವಿಪಶ್ಯನ. ಕೊನೆಯ ದಿನಗಳಲ್ಲಿ ನನಗೆ ದೊರೆತಂಥ ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತಟ್ಟೆ ತೊಳೆಯುವಾಗ ತಟ್ಟೆಯನ್ನಷ್ಟೇ ತೊಳೆಯುತ್ತಿದ್ದೆ. ನಾಳೆಯ ಅಡುಗೆ, ನಿನ್ನೆಯ ಮಾತು ಯಾವುದೂ ಆ ನಲ್ಲಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಮನೆಗೆ ಮರಳಿದ ಮೇಲೆ ಆ ಸ್ಥಿತಿ ಕೆಲವು ವಾರ ಉಳಿಯಿತು, ಆಮೇಲೆ ತೆಳುವಾಗುತ್ತ ಹೋಯಿತು. ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆ, ಮಕ್ಕಳ ಶಾಲೆ, ನನ್ನ ಅರ್ಧ ದಿನದ ನೌಕರಿ ಇವುಗಳ ನಡುವೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಬೇಕೆಂಬ ಶಿಬಿರದವರ ಸಲಹೆಯನ್ನು ಪಾಲಿಸಲು ಆಗುತ್ತಿಲ್ಲ. ಕುಳಿತ ದಿನವೂ ಅರ್ಧ ಗಮನ ಒಳಕೋಣೆಯಿಂದ ಕರೆ ಬಂದೀತೆಂಬುದರ ಮೇಲೆಯೇ ಇರುತ್ತದೆ. ಹಾಗಾದರೆ ಸಾಧನೆಯಲ್ಲಿ ಏನಾದರೂ ತಪ್ಪುತ್ತಿದೆಯೇ? ಸಂಸಾರದೊಳಗಿದ್ದು ಇದು ಆಗುವ ಕೆಲಸವೇ? ಶಾಂತಿ ಬೇಕೆಂದು ಬಯಸುವುದೇ ತೃಷ್ಣೆ ಎಂದು ಪರಿಚಯದವರೊಬ್ಬರು ಹೇಳಿದರು. ಅದು ನಿಜವಾದರೆ ಮತ್ತೆ ಯಾತಕ್ಕಾಗಿ ಕೂರುವುದು? ಅನುಭವವಿರುವವರು ದಯವಿಟ್ಟು ಬರೆಯಬೇಕು.

ನಿವೃತ್ತ ಲೆಕ್ಕಾಧಿಕಾರಿ

ತಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಸಂಸಾರಿಗಳಿಗೆ ಇದು ಸಾಧ್ಯವೇ ಎಂಬ ಅನುಮಾನ ತಾವು ಕಲಿತ ಪದ್ಧತಿಯ ಚರಿತ್ರೆಯನ್ನು ತಿಳಿದರೆ ಅರ್ಧಕ್ಕರ್ಧ ಪರಿಹಾರವಾಗುತ್ತದೆ. ಈ ಪದ್ಧತಿ ಮಠದ ಗೋಡೆಯೊಳಗಿನಿಂದ ನಮಗೆ ನೇರವಾಗಿ ಬಂದದ್ದಲ್ಲ. ಬರ್ಮಾದ ವಿದ್ವಾಂಸ ಭಿಕ್ಷು ಲೇಡಿ ಸಯಾಡೊ (1846–1923) ಅವರ ಕಾಲದಲ್ಲಿ ಬ್ರಿಟಿಷರು ಮಂಡಾಲೆಯ ಅರಸನನ್ನು 1885ರಲ್ಲಿ ಪದಚ್ಯುತಗೊಳಿಸಿದರು; ಭಿಕ್ಷುಸಂಘಕ್ಕಿದ್ದ ಅರಮನೆಯ ಆಶ್ರಯ ತಪ್ಪಿತು. ಧಮ್ಮ ಉಳಿಯಬೇಕಾದರೆ ಅದು ಗೃಹಸ್ಥರ ಕೈಗೂ ಹೋಗಬೇಕೆಂಬ ನಿಲುವಿನಿಂದ ಅವರು ಜನಸಾಮಾನ್ಯರಿಗೆ ತಿಳಿಯುವ ಬರ್ಮೀ ಭಾಷೆಯಲ್ಲಿ ಬರೆದರು. ಅವರ ಶಿಷ್ಯ ಸಯಾ ತೆಟ್‌ಜಿ (1873–1945) ಒಬ್ಬ ರೈತ, ಸಂಸಾರಿ, ಕಾಲರಾ ಬಂದ ವರ್ಷದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆ. ಆ ರೈತನಿಂದ 1937ರಲ್ಲಿ ಆನಾಪಾನ ಕಲಿತವರು ಊ ಬಾ ಖಿನ್ (1899–1971), ಲೆಕ್ಕಪತ್ರ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಬರ್ಮಾ 1948ರಲ್ಲಿ ಸ್ವತಂತ್ರವಾದಾಗ ಅದರ ಅಕೌಂಟೆಂಟ್ ಜನರಲ್ ಆದವರು. ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸುತ್ತ, 1952ರಲ್ಲಿ ರಂಗೂನಿನಲ್ಲಿ ಕೇಂದ್ರ ತೆರೆದು, 1967ರವರೆಗೆ ಸರ್ಕಾರಿ ಸೇವೆಯಲ್ಲಿಯೇ ಇದ್ದರು. ಇದೇ ಬಗೆಯ ಇಲಾಖೆಯಲ್ಲಿ ಬಹುಕಾಲ ಕಳೆದ ನನಗೆ ಲೆಕ್ಕಪರಿಶೋಧನೆಯ ತಿಂಗಳಲ್ಲಿ ಮನಸ್ಸು ಯಾವ ಗತಿಯಲ್ಲಿರುತ್ತದೆಂಬುದು ಗೊತ್ತು. ಆದ್ದರಿಂದ ಆ ಮನುಷ್ಯನ ಬಗ್ಗೆ ನನಗಿರುವ ಗೌರವ ಪುಸ್ತಕ ಓದಿ ಬಂದದ್ದಲ್ಲ.

ತಮ್ಮ ಮೂರನೆಯ ಪ್ರಶ್ನೆಗೂ ಅವರ ಬದುಕಿನಲ್ಲಿಯೇ ಒಂದು ಉತ್ತರವಿದೆ. ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಸತ್ಯನಾರಾಯಣ ಗೋಯಂಕಾ (1924–2013) ತೀವ್ರವಾದ ಮೈಗ್ರೇನಿನಿಂದ ಬಳಲಿ, ಹಲವು ದೇಶಗಳ ವೈದ್ಯರನ್ನು ಕಂಡು, ಕೊನೆಗೆ ಊ ಬಾ ಖಿನ್ ಅವರಲ್ಲಿಗೆ ಹೋದಾಗ, ತಲೆನೋವು ವಾಸಿಮಾಡಿಕೊಳ್ಳಲಿಕ್ಕಾಗಿಯೇ ಬರುವುದಾದರೆ ಬರಬೇಡಿ ಎಂದು ಅವರು ಹಿಂದಕ್ಕೆ ಕಳುಹಿಸಿದ್ದನ್ನು ಗೋಯಂಕಾ ಅವರೇ ಪ್ರವಚನದಲ್ಲಿ ಹೇಳುತ್ತಾರೆ. ಮನಸ್ಸಿನ ಕೊಳೆ ತೊಳೆಯುವುದಕ್ಕೆ ಬನ್ನಿ, ನೋವು ಹೋಗುವುದಿದ್ದರೆ ಅದು ಜೊತೆಗೆ ಹೋಗುತ್ತದೆ ಎಂಬುದು ಗುರುವಿನ ಮಾತಿನ ಸಾರ. ಗೋಯಂಕಾ 1955ರಲ್ಲಿ ಕುಳಿತರು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು, 1976ರಿಂದ ಇಗತ್‌ಪುರಿಯ ಧಮ್ಮಗಿರಿ ಬೆಳೆಯಿತು. ಗಮನಿಸಬೇಕಾದದ್ದೆಂದರೆ, ಅವರು ಹೋದದ್ದು ತಲೆನೋವಿಗಾಗಿಯೇ. ಬಯಕೆಯಿಂದ ಬಂದವರನ್ನೆಲ್ಲ ಹೊರಗಿಟ್ಟರೆ ಒಳಗೆ ಒಬ್ಬರೂ ಉಳಿಯಲಾರರು.

ರಾತ್ರಿಪಾಳಿಯವನು

ಚರಿತ್ರೆ ಸ್ವಾರಸ್ಯವಾಗಿದೆ. ಆದರೆ ಬೆಳಗಿನ ನಾಲ್ಕಕ್ಕೆ ನನ್ನ ಪಾಳಿ ಇನ್ನೂ ಮುಗಿದಿರುವುದಿಲ್ಲ. ನನ್ನಂಥವರು ಯಾವಾಗ ಕೂರಬೇಕು ಎಂಬುದನ್ನೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಪಾಲಿ ಓದುವವಳು

ಶಾಂತಿಯನ್ನು ಬಯಸುವುದು ತಪ್ಪೆಂದು ಹೇಳಿದವರು ಉಸಿರಿನ ಮೇಲಿನ ಅರಿವನ್ನು ಕುರಿತ ಬುದ್ಧನ ಉಪದೇಶವಾದ ಆನಾಪಾನಸತಿ ಸುತ್ತವನ್ನು ನಿಧಾನವಾಗಿ ಓದಿಲ್ಲವೆಂದು ತೋರುತ್ತದೆ. ಪಾಲಿ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 118ನೆಯದಾದ ಈ ಸುತ್ತವನ್ನು ಬುದ್ಧ ಹೇಳಿದ್ದು ಶ್ರಾವಸ್ತಿಯ ಪೂರ್ವಾರಾಮದಲ್ಲಿ. ಅದರಲ್ಲಿ ಉಸಿರಿನ ಮೇಲಿನ ಗಮನವನ್ನು ಹದಿನಾರು ಮೆಟ್ಟಿಲುಗಳಾಗಿ, ನಾಲ್ಕು ನಾಲ್ಕರ ಗುಂಪುಗಳಾಗಿ ಜೋಡಿಸಲಾಗಿದೆ. ದೀರ್ಘ ಉಸಿರನ್ನು ದೀರ್ಘವೆಂದು, ಹ್ರಸ್ವ ಉಸಿರನ್ನು ಹ್ರಸ್ವವೆಂದು ಅರಿಯುವುದರಿಂದ ಆರಂಭವಾಗಿ, ನಾಲ್ಕನೆಯ ಮೆಟ್ಟಿಲಿನಲ್ಲಿ ದೇಹದ ಚಟುವಟಿಕೆ ತಣಿಯುತ್ತದೆ. ಐದು ಮತ್ತು ಆರನೆಯವುಗಳಲ್ಲಿ ಪ್ರೀತಿ (ಇಲ್ಲಿ ಉಲ್ಲಾಸವೆಂಬ ಅರ್ಥ) ಮತ್ತು ಸುಖ ಸ್ಪಷ್ಟವಾಗಿ ಬರುತ್ತವೆ. ಅಂದರೆ ನೆಮ್ಮದಿ ಮಾರ್ಗದ ಹೊರಗಿನ ವಸ್ತುವಲ್ಲ, ಮಾರ್ಗದ ಮೇಲೆಯೇ, ಮೂರನೆಯ ಒಂದು ಭಾಗ ನಡೆಯುವಷ್ಟರಲ್ಲಿ ಸಿಗುವಂಥದ್ದು. ಆದರೆ ಮಾರ್ಗ ಅಲ್ಲಿ ನಿಲ್ಲುವುದಿಲ್ಲ. ಏಳನೆಯ ಮೆಟ್ಟಿಲಿನಲ್ಲಿ ಆ ಸುಖ ಮನಸ್ಸನ್ನು ಹೇಗೆ ಕಲಕುತ್ತದೆಂದು ನೋಡುವುದು, ಎಂಟನೆಯದರಲ್ಲಿ ಆ ಕಲಕುವಿಕೆಯನ್ನೂ ತಣಿಸುವುದು, ಹದಿಮೂರನೆಯದರಲ್ಲಿ ಇದೆಲ್ಲವೂ ಅನಿತ್ಯವೆಂದು ಉಸಿರಿನ ಜೊತೆಯಲ್ಲಿಯೇ ಕಾಣುವುದು, ಹದಿನಾರನೆಯದರಲ್ಲಿ ಬಿಟ್ಟುಕೊಡುವುದು.

ಹೀಗಿರುವಾಗ ತಾವು ಶಿಬಿರದಲ್ಲಿ ಕಂಡ ಶಾಂತಿ ಹೋಯಿತೆಂಬುದು ಸಾಧನೆ ಕೆಟ್ಟಿತೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮೌನ, ನಿಯತವಾದ ಆಹಾರ, ಹೊರಗಿನ ಸುದ್ದಿ ಇಲ್ಲದಿರುವುದು, ಜೊತೆಯಲ್ಲಿ ಕೂರುವ ಜನ ಇಷ್ಟು ಕಾರಣಗಳು ಕೂಡಿ ಅದು ಹುಟ್ಟಿತ್ತು. ಕಾರಣಗಳು ಚದುರಿದವು, ಅದೂ ಚದುರಿತು. ಶಿಬಿರದಲ್ಲಿ ದಿನವೂ ಸಂಜೆ ಕೇಳಿದ ಅನಿತ್ಯದ ಪಾಠ ತಮ್ಮ ಮನೆಯಲ್ಲಿ ಈಗ ತಮಗೆ ಬಹಳ ಪ್ರಿಯವಾದ ವಸ್ತುವಿನ ಮೇಲೆಯೇ ನಡೆಯುತ್ತಿದೆ. ಇದು ಹಿತವಾದ ಮಾತಲ್ಲವೆಂದು ಬಲ್ಲೆ.

ಪ್ರಮಾಣ ಕೇಳುವವ

ನಾನೂ ಇಂಥ ಶಿಬಿರದಲ್ಲಿ ಕುಳಿತಿದ್ದೇನೆ, ಅದರಿಂದ ಪ್ರಯೋಜನವನ್ನೂ ಪಡೆದಿದ್ದೇನೆ. ಆದರೂ ಕೆಲವು ಮಾತುಗಳನ್ನು ಹಾಗೆಯೇ ಒಪ್ಪಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ಈ ವಿಧಾನ ಬುದ್ಧ ಕಂಡುಕೊಂಡ ರೂಪದಲ್ಲಿಯೇ, ಒಂದಿಷ್ಟೂ ಬದಲಾಗದೆ, ಬರ್ಮಾದ ಗುರುಪರಂಪರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ವರ್ಷ ಉಳಿದು ಬಂದಿತೆಂಬುದು ಪರಂಪರೆಯ ನಂಬಿಕೆ. ಚರಿತ್ರೆಯ ದಾಖಲೆಗಳು ಬರ್ಮಾದ ವಿಪಶ್ಯನ ಚಳವಳಿಯನ್ನು ಮುಖ್ಯವಾಗಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಪುನರುಜ್ಜೀವನವಾಗಿ ತೋರಿಸುತ್ತವೆ. ಅದೇ ನಾಡಿನ ಮಹಾಸಿ ಸಯಾಡೊ (1904–1982) ಉಸಿರಾಟದಲ್ಲಿ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ಗಮನಿಸಿ, ಬಂದ ಪ್ರತಿಯೊಂದು ಅನುಭವವನ್ನೂ ಮನಸ್ಸಿನಲ್ಲಿಯೇ ಹೆಸರಿಸಿ ಗುರುತುಮಾಡಿಕೊಳ್ಳುವ ಬೇರೊಂದು ವಿಧಾನವನ್ನು ಹರಡಿದರು. ಗೋಯಂಕಾ, ಮಹಾಸಿ ಇಬ್ಬರೂ ಆಧಾರವಾಗಿ ತೋರಿಸುವುದು ಅರಿವಿನ ನೆಲೆಗಳನ್ನು ಹೇಳುವ ಸತಿಪಟ್ಠಾನ ಸುತ್ತವನ್ನೇ. ಸುತ್ತದಲ್ಲಿ ಕಾಯ, ವೇದನೆ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳಿದ್ದು, ವೇದನೆ ಎಂಬುದು ಮೈಯ ಮೇಲಿನ ಸಂವೇದನೆಗೆ ಸೀಮಿತವಲ್ಲ, ಮನಸ್ಸಿನ ಹಿತ ಅಹಿತಗಳನ್ನೂ ಒಳಗೊಳ್ಳುತ್ತದೆ.

ಇದನ್ನು ಹೇಳುವ ಉದ್ದೇಶ ಪದ್ಧತಿಯನ್ನು ಹಳಿಯುವುದಲ್ಲ. ಒಂದೇ ದಾರಿ ಶುದ್ಧ, ಮಿಕ್ಕದ್ದು ಕಲಬೆರಕೆ ಎಂಬ ಭಾವನೆ ಶಿಬಿರದಿಂದ ಹೊರಬಂದವರಲ್ಲಿ ಬೇಗ ಬೇರೂರುತ್ತದೆ, ಮತ್ತು ಮನೆಯಲ್ಲಿ ಆ ದಾರಿ ಸಾಗದಿದ್ದಾಗ ಅವರು ಧ್ಯಾನವನ್ನೇ ಕೈಬಿಡುತ್ತಾರೆ. ಅಂಥ ಹಲವರನ್ನು ಕಂಡಿದ್ದೇನೆ.

ಮನೋವೈದ್ಯೆ, ಹುಬ್ಬಳ್ಳಿ ಕಡೆಯವಳು

ವೈದ್ಯಳಾಗಿ ಎರಡು ಮಾತು ಸೇರಿಸುತ್ತೇನೆ. ಬೌದ್ಧ ಧ್ಯಾನದ ಕೆಲವು ಅಂಶಗಳನ್ನು ಧಾರ್ಮಿಕ ಚೌಕಟ್ಟಿನಿಂದ ಹೊರತೆಗೆದು ಆಸ್ಪತ್ರೆಯೊಳಕ್ಕೆ ತಂದವರಲ್ಲಿ ಪ್ರಮುಖರು ಅಮೆರಿಕದ ಜಾನ್ ಕಬಾಟ್ ಜಿನ್. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಅವರು ಆರಂಭಿಸಿದ ಎಂಟು ವಾರಗಳ ತರಬೇತಿಯ ಮಾದರಿಯೇ ಈಗ ಎಲ್ಲೆಡೆ ಹರಡಿದೆ. ಇಂಥ ತರಬೇತಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 47 ಪ್ರಯೋಗಗಳನ್ನೂ 3,515 ಜನರನ್ನೂ ಒಳಗೊಂಡಿತ್ತು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಮಧ್ಯಮ ಮಟ್ಟದ ಆಧಾರವಿರುವ ಅಲ್ಪಪ್ರಮಾಣದ ಸುಧಾರಣೆ ಕಂಡುಬಂದಿತು. ಔಷಧಿಗಿಂತಲೋ ವ್ಯಾಯಾಮಕ್ಕಿಂತಲೋ ಧ್ಯಾನ ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಇದು ಸಾಧಾರಣ ಫಲಿತಾಂಶವೇ ಸರಿ, ಆದರೆ ನಗಣ್ಯವಲ್ಲ.

ಎರಡನೆಯದು ಎಚ್ಚರಿಕೆಯ ಮಾತು. ತೀವ್ರವಾದ ಏಕಾಂತ ಧ್ಯಾನ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಒಗ್ಗುವುದಿಲ್ಲ. ಹಿಂದೆ ಮನೋವಿಕಾರ ಕಾಣಿಸಿಕೊಂಡವರು, ಈಚೆಗೆ ದೊಡ್ಡ ಆಘಾತ ಅನುಭವಿಸಿದವರು, ದೀರ್ಘ ಶಿಬಿರಕ್ಕೆ ಹೋಗುವ ಮುಂಚೆ ತಮ್ಮ ವೈದ್ಯರೊಡನೆ ಮಾತನಾಡಬೇಕು. ಶಿಬಿರದ ಅರ್ಜಿಯಲ್ಲಿ ಕೇಳುವ ಆರೋಗ್ಯದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ನಿದ್ರೆ ಸತತವಾಗಿ ತಪ್ಪುವುದು, ತಾನೇ ತನಗೆ ಅಪರಿಚಿತವೆನ್ನಿಸುವುದು, ಎದೆಯೊಳಗಿನ ಭಯ ಧ್ಯಾನದಿಂದ ಎದ್ದ ಮೇಲೂ ಇಳಿಯದಿರುವುದು ಇವನ್ನು ಒಳಗಿನ ಹಳೆಯ ಸಂಸ್ಕಾರಗಳು ಹೊರಬರುತ್ತಿವೆ ಎಂದು ತಾವೇ ವ್ಯಾಖ್ಯಾನಿಸಿಕೊಂಡು ಮುಂದುವರಿಯಬಾರದು. ನಡೆಯುತ್ತಿರುವ ಮಾತ್ರೆಯನ್ನು ಧ್ಯಾನದ ಭರವಸೆಯ ಮೇಲೆ ಯಾರೂ ನಿಲ್ಲಿಸಬಾರದು.

ಪಾಲಿ ಓದುವವಳು

ವೈದ್ಯೆಯವರ ಎಚ್ಚರಿಕೆಗೆ ಪಾಲಿ ಗ್ರಂಥದಲ್ಲಿಯೇ ಆಧಾರವಿದೆ. ಸಂಯುತ್ತ ನಿಕಾಯದಲ್ಲಿ ವೈಶಾಲಿಯ ಒಂದು ಪ್ರಸಂಗ ಬರುತ್ತದೆ. ದೇಹದ ಅಶುಚಿಯನ್ನು ಭಾವಿಸುವ ಧ್ಯಾನವನ್ನು ಕಲಿಸಿ ಬುದ್ಧ ಹದಿನೈದು ದಿನ ಏಕಾಂತಕ್ಕೆ ಹೋಗುತ್ತಾನೆ. ಹಿಂದಿರುಗಿದಾಗ ಭಿಕ್ಷುಗಳ ಸಂಖ್ಯೆ ಇಳಿದಿರುತ್ತದೆ. ಆ ಧ್ಯಾನದಿಂದ ತಮ್ಮ ಮೈಯ ಮೇಲೆಯೇ ಜುಗುಪ್ಸೆಗೊಂಡು ಅನೇಕರು ಪ್ರಾಣ ಬಿಟ್ಟಿದ್ದರು. ಬೇರೊಂದು ವಿಧಾನವನ್ನು ಹೇಳಬೇಕೆಂದು ಶಿಷ್ಯ ಆನಂದ ಕೇಳಿಕೊಂಡಾಗ ಬುದ್ಧ ಕಲಿಸಿದ್ದೇ ಆನಾಪಾನಸತಿ. ಈ ದಾರುಣ ಪ್ರಸಂಗವನ್ನು ಪರಂಪರೆ ಮರೆಮಾಚದೆ ಉಳಿಸಿಕೊಂಡಿರುವುದು ನನಗೆ ಬಹಳ ದೊಡ್ಡದೆನ್ನಿಸುತ್ತದೆ. ಧ್ಯಾನದ ವಿಷಯ ಮನುಷ್ಯನಿಗೆ ಹೊಂದಬೇಕೇ ಹೊರತು ಮನುಷ್ಯ ಅದಕ್ಕೆ ಬಲಿಯಾಗಬಾರದು. ವ್ಯಾಖ್ಯಾನಕಾರ ಬುದ್ಧಘೋಷ ಐದನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ಕುಳಿತು ವಿಸುದ್ಧಿಮಗ್ಗವೆಂಬ ಗ್ರಂಥದಲ್ಲಿ ನಲವತ್ತು ಧ್ಯಾನವಿಷಯಗಳನ್ನು ಪಟ್ಟಿಮಾಡಿ, ಯಾವ ಸ್ವಭಾವದವರಿಗೆ ಯಾವುದು ಎಂದು ವಿಂಗಡಿಸಿದ್ದೂ ಇದೇ ಕಾರಣಕ್ಕೆ.

ಹೇಮಾವತಿ ತೀರದವಳು

ಎಲ್ಲರಿಗೂ ಕೃತಜ್ಞತೆಗಳು. ನನಗೆ ಅಂಥ ತೊಂದರೆ ಯಾವುದೂ ಇಲ್ಲ, ನಿದ್ರೆಯೂ ಸರಿಯಾಗಿದೆ. ಒಂದು ಸಂಗತಿಯನ್ನು ಬಿಡಿಸಿ ಹೇಳಿದರೆ ನನ್ನ ತೊಡಕು ಇನ್ನಷ್ಟು ಸ್ಪಷ್ಟವಾದೀತು.

ಶಿಬಿರದಲ್ಲಿ ಅಧಿಟ್ಠಾನವೆಂದು ಒಂದು ತಾಸು ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ ಸಮಯದಲ್ಲಿ ನನ್ನ ಎಡಗೆನ್ನೆಯ ಮೇಲೆ ತುರಿಕೆ ಎದ್ದಿತು. ಕೈ ತಾನಾಗಿ ಏಳುವುದಕ್ಕೆ ಹವಣಿಸಿತು. ಎತ್ತಲಿಲ್ಲ. ತುರಿಕೆ ಸೂಜಿಮೊನೆಯಷ್ಟಾಯಿತು, ಕಾದ ಹಾಗಾಯಿತು, ಮಿಡಿಯತೊಡಗಿತು, ಇನ್ನು ತಡೆಯಲಾರೆ ಎನ್ನುವ ಹೊತ್ತಿಗೆ ಒಡೆದು ಹರಡಿ, ಎಲ್ಲಿತ್ತೆಂದು ಹುಡುಕಿದರೂ ಸಿಗದಂತಾಯಿತು. ಅದನ್ನು ಕಂಡದ್ದರಲ್ಲಿ ನನಗಾದ ಸಂತೋಷ ಹೇಳತೀರದು. ಮನೆಯಲ್ಲಿಯೂ ಹೀಗೆಯೇ ಆಗುತ್ತದೆಂದು ಭಾವಿಸಿದ್ದೆ. ಮೊನ್ನೆ ಅತ್ತೆಯವರು, ಅವರಿಗೆ ಈಗ ಮರೆವು ಹೆಚ್ಚು, ಊಟ ಮಾಡಿದ ಅರ್ಧ ತಾಸಿಗೆ ಬಂದ ನೆಂಟರ ಎದುರು ತಮಗೆ ಬೆಳಗಿನಿಂದ ಯಾರೂ ಅನ್ನ ಹಾಕಿಲ್ಲವೆಂದರು. ಗಂಟಲಿನಲ್ಲಿ ಏನೋ ಬಿಗಿಯಿತು, ಕಿವಿ ಬಿಸಿಯಾಯಿತು, ಅದನ್ನು ಗಮನಿಸಿದೆ ಎಂದೂ ಹೇಳಬಲ್ಲೆ; ಆದರೂ ಮಾತು ಬಾಯಿಂದ ಹೊರಬಿದ್ದೇಬಿಟ್ಟಿತು. ತುರಿಕೆಯ ಎದುರು ಸುಮ್ಮನಿರಬಲ್ಲ ಮನಸ್ಸು ಮಾತಿನ ಎದುರು ಏಕೆ ಇರಲಾರದು? ಜೊತೆಗೆ ಈಚೆಗೆ ಮಂಡಿನೋವು ಬಂದಿರುವುದರಿಂದ ನೆಲದ ಮೇಲೆ ಹೆಚ್ಚು ಹೊತ್ತು ಕೂರುವುದೂ ಕಷ್ಟವಾಗಿದೆ.

ನಿವೃತ್ತ ಲೆಕ್ಕಾಧಿಕಾರಿ

ಗಂಟಲಿನ ಬಿಗಿತವನ್ನು ಗಮನಿಸಿದ್ದೆಂದು ತಾವು ಸಲೀಸಾಗಿ ಬರೆದುಬಿಟ್ಟಿದ್ದೀರಿ. ಶಿಬಿರಕ್ಕೆ ಹೋಗುವ ಮುಂಚೆ ಅದು ಕಾಣುತ್ತಿತ್ತೇ? ಕೋಪ ಬಂದುಹೋದ ಎಷ್ಟು ಹೊತ್ತಿನ ಮೇಲೆ ಕೋಪ ಬಂದಿತ್ತೆಂದು ತಿಳಿಯುತ್ತಿತ್ತು? ಸಲ್ಲತ್ಥ ಸುತ್ತದಲ್ಲಿ ಬುದ್ಧ ಹೇಳುವ ಎರಡು ಬಾಣಗಳ ಮಾತು ಇಲ್ಲಿ ಒಪ್ಪುತ್ತದೆ: ಮೈಗೆ ತಾಗುವ ನೋವು ಮೊದಲನೆಯ ಬಾಣ, ಅದಕ್ಕೆ ಮನಸ್ಸು ಕೊರಗಿ ಗೋಳಾಡುವುದು ಎರಡನೆಯದು, ತಿಳಿದವನಿಗೂ ಮೊದಲನೆಯದು ತಾಗುತ್ತದೆ, ಎರಡನೆಯದು ತಾಗುವುದಿಲ್ಲ. ತುರಿಕೆಯಲ್ಲಿ ಎರಡು ಬಾಣಗಳ ನಡುವೆ ಒಂದು ತಾಸಿನ ಅವಕಾಶವಿತ್ತು, ಸುತ್ತಲೂ ಕಣ್ಣುಮುಚ್ಚಿ ಕುಳಿತ ಜನರ ಆಸರೆಯಿತ್ತು. ನೆಂಟರ ಎದುರಿನ ಮಾತಿಗೆ ಇದ್ದ ಅವಕಾಶ ಕಣ್ಣೆವೆ ಮುಚ್ಚಿ ತೆರೆಯುವಷ್ಟು. ಅಷ್ಟರಲ್ಲಿ ಗಂಟಲನ್ನು ಕಂಡಿದ್ದೀರಿ. ಮುಂದಿನ ಸಲವೂ ಮಾತು ಹೊರಬೀಳಬಹುದು, ಒಂದು ಪದ ಕಡಿಮೆ ಬೀಳಬಹುದು. ನನ್ನ ಅನುಭವದಲ್ಲಿ ಈ ಸಾಧನೆ ಲೆಕ್ಕಕ್ಕೆ ಸಿಗುವುದು ಕೋಪ ಬಾರದಿರುವುದರಲ್ಲಿ ಅಲ್ಲ, ಬಂದ ಕೋಪ ಎಷ್ಟು ಹೊತ್ತು ಮನೆಯಲ್ಲಿ ಉಳಿಯುತ್ತದೆ ಎಂಬುದರಲ್ಲಿ.

ಮಂಡಿನೋವಿನ ಬಗ್ಗೆ: ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಶಿಬಿರಗಳಲ್ಲಿಯೇ ಅಗತ್ಯವಿರುವವರಿಗೆ ಕುರ್ಚಿ ಕೊಡುತ್ತಾರೆ. ನೋವನ್ನು ಸಹಿಸುವುದು ಪರೀಕ್ಷೆಯೂ ಅಲ್ಲ, ಪುಣ್ಯವೂ ಅಲ್ಲ.

ಬೈಲುಕುಪ್ಪೆಯ ನೆರೆಯವ

ಚರ್ಚೆ ಬರ್ಮಾದ ಸುತ್ತಲೇ ನಡೆದಿದೆ. ನಮ್ಮ ಮೈಸೂರು ಸೀಮೆಯಲ್ಲಿಯೇ ಇರುವ ಇನ್ನೊಂದು ಪರಂಪರೆಯನ್ನು ಮುಂದಿಡುತ್ತೇನೆ. ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಭೂಮಿ ಕೊಟ್ಟ ಮೇಲೆ ಬೈಲುಕುಪ್ಪೆಯಲ್ಲಿ ಸೆರಾ, ನಾಮ್ದ್ರೋಲಿಂಗ್, ಮುಂಡಗೋಡಿನಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮತ್ತೆ ತಲೆಯೆತ್ತಿದವು. ಭಾನುವಾರ ಚಿನ್ನದ ದೇವಾಲಯ ನೋಡಲು ಬರುವವರು ಅಲ್ಲಿನ ಧ್ಯಾನವೆಂದರೆ ಕಣ್ಣುಮುಚ್ಚಿ ಕೂರುವುದೆಂದೇ ತಿಳಿದಿರುತ್ತಾರೆ. ಸೆರಾದ ಅಂಗಳದಲ್ಲಿ ನಡೆಯುವ ವಾದವನ್ನು ಕಂಡವರಿಗೆ ಆ ಕಲ್ಪನೆ ಉಳಿಯುವುದಿಲ್ಲ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತ ಬಲಗೈಯನ್ನು ಎಡಗೈಗೆ ಬಡಿದು ಪ್ರಶ್ನೆ ಹಾಕುತ್ತಾನೆ. ಗದ್ದಲ ಜಗಳದಂತೆ ಕೇಳಿಸುತ್ತದೆ, ನಡುನಡುವೆ ನಗೆಯೂ ಏಳುತ್ತದೆ. ಹೀಗೆ ತರ್ಕದಿಂದ ಅರೆದು ನಿಶ್ಚಯಿಸಿಕೊಂಡ ಅರ್ಥವನ್ನು ಏಕಾಂತದಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅವರ ವಿಶ್ಲೇಷಣಾತ್ಮಕ ಧ್ಯಾನ. ಅದರ ಜೊತೆಗೆ ಚಿತ್ತವನ್ನು ಒಂದೆಡೆ ನಿಲ್ಲಿಸುವ ಶಮಥ.

ಶಮಥದ ಒಂಬತ್ತು ಹಂತಗಳನ್ನು ತೋರಿಸುವ ಒಂದು ಚಿತ್ರವನ್ನು ಟಿಬೆಟನ್ ಮಠಗಳಲ್ಲಿ ಕಾಣಬಹುದು. ಕಪ್ಪು ಆನೆಯನ್ನು ಕೋತಿಯೊಂದು ಎಳೆದುಕೊಂಡು ಓಡುತ್ತಿದ್ದರೆ ಭಿಕ್ಷು ಹಗ್ಗ, ಅಂಕುಶ ಹಿಡಿದು ಹಿಂದೆ ಓಡುತ್ತಾನೆ. ಆನೆ ಮನಸ್ಸು, ಕೋತಿ ಚಾಂಚಲ್ಯ. ದಾರಿ ತಿರುಗುತ್ತ ಹೋದಂತೆ ಆನೆಯ ತಲೆಯಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಬಿಳುಪು ಹರಡುತ್ತದೆ. ಒಂದು ಹಂತದಲ್ಲಿ ಆನೆಯ ಬೆನ್ನ ಮೇಲೆ ಮೊಲವೊಂದು ಕಾಣಿಸಿಕೊಳ್ಳುತ್ತದೆ: ಅದು ಸೂಕ್ಷ್ಮವಾದ ಮಂಪರು. ಕೇಳಿದವರಿಗೆ ಹೇಳಬೇಕೆನ್ನಿಸಿದ್ದು ಈ ಮೊಲದ ವಿಷಯವೇ. ಹಿತವಾದ, ಅಲುಗಾಡದ, ಹೊಳಪಿಲ್ಲದ ಒಂದು ಸುಮ್ಮನಿರುವಿಕೆಯನ್ನು ಸಾಧಕರು ಶಾಂತಿಯೆಂದು ತಪ್ಪು ತಿಳಿಯುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕಾಗಿ ಪ್ರತ್ಯೇಕ ಪ್ರಾಣಿಯನ್ನೇ ಬರೆದಿಟ್ಟಿದ್ದಾರೆ.

ಕಲಬುರಗಿಯ ಓದುಗ

ನನ್ನ ಪ್ರಶ್ನೆ ಸ್ವಲ್ಪ ಒರಟಾಗಿದೆಯೆಂದು ಅನ್ನಿಸಿದರೆ ಕ್ಷಮಿಸಬೇಕು. ನಮ್ಮ ಮನೆಗಳಲ್ಲಿ ಬುದ್ಧ ಬಂದದ್ದು ಬಾಬಾಸಾಹೇಬರ ಮೂಲಕ, 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಯ ಮೂಲಕ. ಪಂಚಶೀಲ, ಸಮತೆ, ಮೈತ್ರಿ ನಮಗೆ ಮೊದಲು. ಕಣ್ಣುಮುಚ್ಚಿ ಕೂರುವುದು ಆಮೇಲೆ. ದುಃಖಕ್ಕೆ ಕಾರಣ ಒಬ್ಬನ ಮನಸ್ಸಿನೊಳಗಷ್ಟೇ ಇಲ್ಲ, ಮನುಷ್ಯ ಮನುಷ್ಯನನ್ನು ನಡೆಸಿಕೊಳ್ಳುವ ರೀತಿಯಲ್ಲಿಯೂ ಇದೆ. ಕೆಲಸದ ಸ್ಥಳದಲ್ಲಿ ನನ್ನ ಲೋಟವನ್ನು ಬೇರೆ ಇಟ್ಟದ್ದನ್ನು ಕಂಡಾಗ ಗಂಟಲು ಬಿಗಿದರೆ, ಆ ಬಿಗಿತವನ್ನು ಸಮಚಿತ್ತದಿಂದ ನೋಡುತ್ತ ಕೂರಬೇಕೇ? ಒಳಗಿನ ಶಾಂತಿಯ ಹೆಸರಿನಲ್ಲಿ ಹೊರಗಿನ ಅನ್ಯಾಯವನ್ನು ಸಹಿಸುವುದನ್ನು ನಮ್ಮವರಿಗೆ ಈ ನಾಡು ಬಹಳ ಕಾಲ ಕಲಿಸಿದೆ. ಅದೇ ಪಾಠವನ್ನು ಬುದ್ಧನ ಹೆಸರಿನಲ್ಲಿ ಮತ್ತೆ ಕೇಳುವ ಮನಸ್ಸು ನನಗಿಲ್ಲ.

ಪಾಲಿ ಓದುವವಳು

ಪ್ರಶ್ನೆ ಒರಟಲ್ಲ, ಕೇಳಲೇಬೇಕಾದದ್ದು. ಇದನ್ನು ಬುದ್ಧಘೋಷ ಬೇರೆ ಮಾತಿನಲ್ಲಿ ಎದುರಿಸಿದ್ದಾನೆ. ಮೈತ್ರಿ, ಕರುಣೆ, ಮುದಿತೆ (ಪರರ ಸುಖಕ್ಕೆ ಸಂತೋಷಪಡುವುದು), ಉಪೇಕ್ಷೆ (ಇಲ್ಲಿ ಸಮಚಿತ್ತವೆಂಬ ಅರ್ಥ) ಈ ನಾಲ್ಕಕ್ಕೂ ದೂರದ ಶತ್ರು ಒಬ್ಬ, ಹತ್ತಿರದ ಶತ್ರು ಒಬ್ಬ ಇರುತ್ತಾನೆಂದು ವಿಸುದ್ಧಿಮಗ್ಗ ಹೇಳುತ್ತದೆ. ದೂರದ ಶತ್ರುವನ್ನು ಗುರುತಿಸುವುದು ಸುಲಭ: ಮೈತ್ರಿಗೆ ದ್ವೇಷ, ಕರುಣೆಗೆ ಕ್ರೌರ್ಯ. ಅಪಾಯವಿರುವುದು ನೆಂಟನ ವೇಷದಲ್ಲಿ ಪಕ್ಕದಲ್ಲಿಯೇ ಇರುವವನಿಂದ. ಮೈತ್ರಿಗೆ ಮೋಹ ಹತ್ತಿರದ ಶತ್ರುವಾದರೆ ಉಪೇಕ್ಷೆಗೆ ಅಜ್ಞಾನದ ಉಪೇಕ್ಷೆ, ಎಂದರೆ ತಿಳಿವಿಲ್ಲದ ನಿರ್ಲಕ್ಷ್ಯ. ಲೋಟ ಬೇರೆ ಇಟ್ಟದ್ದನ್ನು ಕಂಡೂ ಏನೂ ಆಗಿಲ್ಲವೆಂಬಂತೆ ಕೂರುವುದು ಈ ಎರಡನೆಯದು. ಗಂಟಲಿನ ಬಿಗಿತವನ್ನು ನೋಡುವುದು ಮಾತನ್ನು ನುಂಗುವುದಕ್ಕಲ್ಲ. ಆಡಬೇಕಾದ ಮಾತನ್ನು, ಹೂಡಬೇಕಾದ ದೂರನ್ನು, ಕೈನಡುಗದೆ ಹೂಡುವುದಕ್ಕೆ. ಆದರೆ ಒಂದನ್ನು ಒಪ್ಪುತ್ತೇನೆ: ಶಿಬಿರಗಳಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಕ್ಕೆ ಕೊಡುವ ಸಮಯ ಸಾಲದು, ಮತ್ತು ಕೇಳುವವರು ಯಾರು, ಅವರ ಬದುಕಿನಲ್ಲಿ ಸಹನೆ ಎಂಬ ಮಾತನ್ನು ಯಾರು ಯಾವುದಕ್ಕೆ ಬಳಸಿದ್ದಾರೆ ಎಂಬುದನ್ನು ನೋಡದೆ ಸಮಚಿತ್ತವನ್ನು ಬೋಧಿಸಿದರೆ ಅದು ಹತ್ತಿರದ ಶತ್ರುವಿಗೇ ಬಾಗಿಲು ತೆರೆದಂತೆ.

ಕಲಬುರಗಿಯ ಓದುಗ

ಕೈನಡುಗದೆ ದೂರು ಹೂಡುವುದಕ್ಕೆ ಎಂಬ ಮಾತು ನನಗೆ ಒಪ್ಪಿಗೆ. ಉಳಿದದ್ದರ ಬಗ್ಗೆ ನನ್ನ ತಕರಾರು ಹಾಗೆಯೇ ಇರಲಿ.

ಪ್ರಮಾಣ ಕೇಳುವವ

ಮೂಲ ಪ್ರಶ್ನೆಗೆ ಮರಳುತ್ತ ಪ್ರಯತ್ನದ ಅಳತೆಯ ಬಗ್ಗೆ ಒಂದು ಮಾತು. ಮೊದಲ ಸಂಗೀತಿಯ, ಎಂದರೆ ಬುದ್ಧನ ನಂತರ ಭಿಕ್ಷುಗಳು ಸೇರಿದ ಮೊದಲ ಮಹಾಸಭೆಯ, ಹಿಂದಿನ ರಾತ್ರಿ, ರಾಜಗೃಹದಲ್ಲಿ, ಇನ್ನೂ ಅರಹಂತನಾಗದ, ಪೂರ್ಣ ವಿಮುಕ್ತಿ ಪಡೆಯದ ಆನಂದ ಬೆಳಗಾಗುವುದರೊಳಗೆ ಸಾಧಿಸಲೇಬೇಕೆಂದು ರಾತ್ರಿಯಿಡೀ ಶ್ರಮಿಸಿದ ಕಥೆಯನ್ನು ಎಲ್ಲರೂ ಬಲ್ಲಿರಿ. ಬೆಳಗಿನ ಜಾವ ಇನ್ನು ಸಾಕೆಂದು ಮಲಗಲು ಹೊರಟಾಗ, ಪಾದಗಳು ನೆಲವನ್ನು ಬಿಟ್ಟು ತಲೆ ದಿಂಬನ್ನು ಮುಟ್ಟುವ ಮೊದಲು, ಅವನಿಗೆ ವಿಮುಕ್ತಿಯಾಯಿತೆಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಹೇಳುತ್ತದೆ. ಅತಿಯಾಗಿ ಶ್ರಮಿಸಿ ಅಂಗಾಲು ಒಡೆದುಕೊಂಡ ಸೋಣನೆಂಬ ಭಿಕ್ಷುವಿಗೆ, ಅವನು ಹಿಂದೆ ವೀಣೆ ನುಡಿಸುತ್ತಿದ್ದವನಾದ್ದರಿಂದ, ತಂತಿಯನ್ನು ಬಿಗಿಯಾಗಿಯೂ ಅಲ್ಲ ಸಡಿಲವಾಗಿಯೂ ಅಲ್ಲ ಹದವಾಗಿ ಏರಿಸುವುದನ್ನು ಬುದ್ಧ ನೆನಪಿಸಿದ್ದೂ ಪ್ರಸಿದ್ಧವೇ. ಶಿಬಿರದ ಶಾಂತಿಯನ್ನು ಮರಳಿ ಪಡೆಯಲೇಬೇಕೆಂಬ ಹಟದಿಂದ ಮನೆಯಲ್ಲಿ ಕೂರುವುದು ಬಿಗಿ ಹೆಚ್ಚಾದ ತಂತಿಯೇ.

ರಾತ್ರಿಪಾಳಿಯವನು

ಯಾವಾಗ ಕೂರಬೇಕೆಂಬ ನನ್ನ ಪ್ರಶ್ನೆ ಎಲ್ಲೋ ಕಳೆದುಹೋಯಿತು.

ನಿವೃತ್ತ ಲೆಕ್ಕಾಧಿಕಾರಿ

ಕಳೆದಿಲ್ಲ, ತಮಗೂ ಹೇಮಾವತಿ ತೀರದವರಿಗೂ ಒಟ್ಟಿಗೆ ಉತ್ತರಿಸುತ್ತೇನೆ. ನಾಲ್ಕು ಗಂಟೆಗೆ ವಿಶೇಷ ಪಾವಿತ್ರ್ಯವೇನೂ ಇಲ್ಲ. ಪಾಳಿ ಮುಗಿಸಿ ಬಂದು, ಮುಖ ತೊಳೆದು, ತಿನ್ನುವ ಮೊದಲು ಕುಳಿತುಕೊಳ್ಳಿ. ತೂಕಡಿಕೆ ಬಂದರೆ ನಿದ್ರೆಯೇ ಬೇಕಾಗಿದೆ ಎಂದು ಮಲಗಿ, ಎದ್ದ ಮೇಲೆ ಕೂರಿ. ಇಪ್ಪತ್ತು ನಿಮಿಷ ಪ್ರತಿದಿನ ನಡೆಯುವುದಾದರೆ ಅದು ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ಮೇಲು. ಉಸಿರು ತಪ್ಪಿಹೋಗುತ್ತಿದ್ದರೆ ಎಣಿಸಿ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎಂದು ವಿಸುದ್ಧಿಮಗ್ಗವೇ ಅಳತೆ ಕೊಟ್ಟಿದೆ. ಗೋಯಂಕಾ ಅವರ ಶಿಬಿರದಲ್ಲಿ ಎಣಿಸಲು ಹೇಳುವುದಿಲ್ಲವೆಂದು ಬಲ್ಲೆ. ಆ ಪದ್ಧತಿಯಲ್ಲಿಯೇ ಮುಂದುವರಿಯುವವರು ಎಣಿಕೆ ಬಿಟ್ಟು ಸ್ವಲ್ಪ ಬಲವಾಗಿ ಕೆಲವು ಉಸಿರು ತೆಗೆದುಕೊಂಡು ಮತ್ತೆ ಸಹಜ ಉಸಿರಿಗೆ ಬರಬಹುದು.

ಮಂಡಿನೋವಿನವರಿಗೆ ನಡಿಗೆಯ ಧ್ಯಾನವಿದೆ. ಚಂಕಮಣವೆಂಬ ಈ ನಡಿಗೆಯ ಐದು ಪ್ರಯೋಜನಗಳನ್ನು ಬುದ್ಧ ಅಂಗುತ್ತರ ನಿಕಾಯದಲ್ಲಿ ಎಣಿಸಿದ್ದಾನೆ: ದೂರ ನಡೆಯುವ ಶಕ್ತಿ ಬರುತ್ತದೆ, ಸಾಧನೆಗೆ ಮೈ ಒದಗುತ್ತದೆ, ರೋಗ ಕಡಿಮೆ, ಉಂಡದ್ದು ಅರಗುತ್ತದೆ, ನಡಿಗೆಯಲ್ಲಿ ಸಿಕ್ಕ ಸಮಾಧಿ ಬಹುಕಾಲ ನಿಲ್ಲುತ್ತದೆ. ಕೊನೆಯದನ್ನು ಗಮನಿಸಿ. ಕೂತು ಗಳಿಸಿದ ನೆಮ್ಮದಿ ಏಳುವಾಗಲೇ ಚೆಲ್ಲುವುದುಂಟು. ಚಲಿಸುತ್ತ ಗಳಿ‌ಸಿದ್ದು ಚಲನೆಯಲ್ಲಿ ಉಳಿಯುತ್ತದೆ. ಹಜಾರದ ಈ ಗೋಡೆಯಿಂದ ಆ ಗೋಡೆಗೆ, ಹಿಮ್ಮಡಿ ಎತ್ತುವುದು, ಪಾದ ಮುಂದೆ ಸಾಗುವುದು, ನೆಲ ತಾಗುವುದು ಇಷ್ಟನ್ನೇ ತಿಳಿಯುತ್ತ ನಡೆಯಿರಿ. ಅತ್ತೆಯವರ ಕೋಣೆಯ ಬಾಗಿಲು ಕಣ್ಣಳತೆಯಲ್ಲಿಯೇ ಇರುವಂತೆ ಜಾಗ ಆರಿಸಿಕೊಂಡರೆ ಕರೆ ಬಂದೀತೆಂಬ ಕಳವಳವೂ ಇರುವುದಿಲ್ಲ.

ಮಿಕ್ಕ ಹೊತ್ತಿಗೆ ಸತಿಪಟ್ಠಾನ ಸುತ್ತದ ಸಂಪಜಞ್ಞದ, ಎಂದರೆ ತಿಳಿದು ಮಾಡುವುದರ, ಭಾಗ ಸಾಕು. ಮುಂದೆ ಹೋಗುವಾಗ, ಹಿಂದಿರುಗುವಾಗ, ಕೈ ಮಡಿಸುವಾಗ, ಚಾಚುವಾಗ, ಉಣ್ಣುವಾಗ, ಕುಡಿಯುವಾಗ, ಮಲಮೂತ್ರ ವಿಸರ್ಜಿಸುವಾಗ ಕೂಡ ತಿಳಿದು ಮಾಡುವವನಾಗಿರುತ್ತಾನೆ ಎಂದು ಅಲ್ಲಿದೆ. ಶೌಚವನ್ನೂ ಬಿಡದ ಪಟ್ಟಿಯಲ್ಲಿ ರೋಗಿಯ ಮೈ ಒರೆಸುವುದು ಸೇರದೆ ಇದ್ದೀತೇ? ಒದ್ದೆ ಬಟ್ಟೆ ಹಿಂಡುವಾಗ ಬೆರಳುಗಳ ಬಿಗಿ, ಅವರ ಬೆನ್ನಿನ ಬಿಸುಪು, ಬಗ್ಗಿದ ತಮ್ಮ ಸೊಂಟದ ನೋವು, ಅದರ ಹಿಂದೆ ಏಳುವ ಬೇಸರ ಇವಿಷ್ಟೂ ಕಾಯ, ವೇದನೆ, ಚಿತ್ತ ಎಂಬ ನೆಲೆಗಳೊಳಗೇ ಬರುತ್ತವೆ. ತಾವು ಕೆಲಸದಿಂದ ಸಾಧನೆಗೆ ಸಮಯ ಕದಿಯಬೇಕಾಗಿಲ್ಲ.

ಹೇಮಾವತಿ ತೀರದವಳು

ಕೋಣೆಯ ಬಾಗಿಲು ಕಾಣುವ ಜಾಗ ನಮ್ಮ ಹಜಾರದಲ್ಲಿದೆ. ನಾಳೆಯಿಂದ ಅಲ್ಲಿ ನಡೆಯುತ್ತೇನೆ. ಇನ್ನೊಂದೇ ಸಂದೇಹ: ಧ್ಯಾನದ ಕೊನೆಯಲ್ಲಿ ಮಾಡುವ, ಎಲ್ಲರಿಗೂ ಒಳಿತು ಬಯಸುವ ಮೈತ್ರೀ ಭಾವನೆಯನ್ನು, ಮನಸ್ಸು ಕದಡಿ ಕುಳಿತದ್ದೇ ವ್ಯರ್ಥವೆನ್ನಿಸಿದ ದಿನವೂ ಮಾಡಬೇಕೇ? ಅಂಥ ದಿನ ಅದು ಬರೀ ಬಾಯಿಮಾತಾಗುತ್ತದೆ.

ಪಾಲಿ ಓದುವವಳು

ಮಾಡಿ. ತೀರ ಕದಡಿದ ದಿನ ಸಕಲ ಜೀವಿಗಳ ತನಕ ಹೋಗುವುದು ಬೇಡ. ವಿಸುದ್ಧಿಮಗ್ಗದ ಕ್ರಮದಲ್ಲಿ ಮೈತ್ರಿ ತನ್ನಿಂದಲೇ ಆರಂಭವಾಗುತ್ತದೆ, ಆಮೇಲೆ ಪ್ರಿಯರು, ಆಮೇಲೆ ಮಧ್ಯಸ್ಥರು, ವೈರಿಗಳು ಕೊನೆಗೆ. ಅಂಥ ದಿನ ಮೊದಲ ಹೆಜ್ಜೆಯಲ್ಲಿಯೇ ನಿಂತು ಏಳಬಹುದು. ಅತ್ತೆಯವರನ್ನು ಆ ಹೊತ್ತಿಗೆ ಯಾವ ಗುಂಪಿಗೆ ಸೇರಿಸುವುದೆಂಬುದನ್ನು ಆಯಾ ದಿನವೇ ನಿರ್ಧರಿಸಿಕೊಳ್ಳಿ.